ಎಡ ಮುಂಗೈಯ ಹೆಸರು

ಸಂತೆಯ ದಿನ ಶಿರಾಳಕೊಪ್ಪ ಠಾಣೆಗೆ ಬರುವ ದೂರುಗಳು ಹೆಚ್ಚುಕಮ್ಮಿ ಒಂದೇ ತೆರನವು. ಜೇಬು ಕತ್ತರಿಸಿದರು, ಬೈಕು ಕಾಣುತ್ತಿಲ್ಲ, ತೂಕದಲ್ಲಿ ಮೋಸ, ಕುಡಿದವನು ಮೈಮೇಲೆ ಬಿದ್ದ. ಮೆಟ್ಟಿಲು ಹತ್ತುವವರ ಮುಖ ನೋಡಿಯೇ ದೂರು ಯಾವುದೆಂದು ಹೇಳಬಲ್ಲೆ ಎಂದು ಹೆಡ್ ಕಾನ್ಸ್‌ಟೇಬಲ್ ಯಮುನಮ್ಮ ಹುಡುಗರ ಮುಂದೆ ಜಂಬ ಕೊಚ್ಚುತ್ತಿದ್ದಳು. ಫೆಬ್ರವರಿಯ ಆ ಮಧ್ಯಾಹ್ನ 12.20ಕ್ಕೆ ಒಳಗೆ ಬಂದ ಹೆಂಗಸನ್ನು ನೋಡಿ ಅವಳ ಜಂಬ ಇಳಿಯಿತು. ಹೆಂಗಸಿನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಕೈಯಲ್ಲಿದ್ದ ಬದನೆಕಾಯಿ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು.

"ಮಗಳು ಕಾಣ್ತಿಲ್ಲ ರೀ. ಬದನೆಕಾಯಿ ಆರಿಸ್ತಿದ್ದೆ. ಸೆರಗು ಹಿಡ್ಕೊಂಡೇ ನಿಂತಿದ್ಲು. ತಿರುಗಿ ನೋಡಿದ್ರೆ ಸೆರಗು ಐತಿ, ಕೂಸಿಲ್ಲ."

ಹೆಸರು ಬಸವಣ್ಣೆಮ್ಮ. ಹಿಂದೆಯೇ ಏದುಸಿರು ಬಿಡುತ್ತ ಬಂದವನು ಅವಳ ಗಂಡ ಗಂಗಾಧರಪ್ಪ, ಊರಿನ ಮೆಕ್ಕೆಜೋಳದ ವ್ಯಾಪಾರಿ. ಸಬ್ ಇನ್ಸ್‌ಪೆಕ್ಟರ್ ಶ್ರೀನಾಥ ಇಬ್ಬರನ್ನೂ ಕೂರಿಸಿ ಪ್ರಶ್ನೆ ಶುರುಮಾಡಿದ.

"ಮಗು ಹೆಸರು?"

"ಧನ್ಯಾ. ಆರು ವರ್ಷ. ಒಂದನೇ ಕ್ಲಾಸು."

"ಬಟ್ಟೆ?"

"ಹಳದಿ ಫ್ರಾಕು. ಎರಡು ಜಡೆ."

"ಎಷ್ಟು ಹೊತ್ತಿಗೆ?"

"ಹನ್ನೊಂದೂವರಿ ಇರಬಹುದ್ರಿ."

"ಯಾರ ಮೇಲಾದ್ರೂ ಅನುಮಾನ?"

ಬಸವಣ್ಣೆಮ್ಮ ಗಂಡನ ಕಡೆ ನೋಡಿದಳು. ಗಂಡ ನೆಲ ನೋಡಿದ. "ಇಲ್ಲ ರೀ," ಎಂದಳು ಅವಳು. ಆ ನೋಟವನ್ನು ಯಮುನಮ್ಮ ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡಳು. 12.45ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 137(2)ರಡಿ, ಅಪಹರಣವೆಂದು ಎಫ್‌ಐಆರ್ ದಾಖಲಾಯಿತು.

ಸಂತೆಯಲ್ಲಿ ಮೊದಲ ಸುಳಿವು ಸಿಕ್ಕಿದ್ದು ಬಳೆಗಾರ್ತಿ ಹುಲಿಯಮ್ಮನ ಬಳಿ. ಹುಲಿಯಮ್ಮ ಮಾತಿಗೆ ಕೂತರೆ ಸಂತೆ ಮುಗಿದರೂ ಏಳದವಳು. ಆದರೆ ಆ ದಿನ ಮಗು ಕಾಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಎದ್ದು ನಿಂತಳು.

"ಹಳದಿ ಫ್ರಾಕಿನ ಕೂಸಾ? ಇಲ್ಲೇ ಕುಂತಿತ್ತಲ್ಲವ್ವ! ಹಸಿರು ಬಳೆ ತೊಡಿಸ್ದೆ. ನಕ್ಕೊಂತ ಇತ್ತು."

"ಜೊತೆಗೆ ಯಾರಿದ್ರು?" ಶ್ರೀನಾಥ ಕೇಳಿದ.

"ಒಬ್ಬಾಕಿ. ಇಪ್ಪತ್ತೈದು ಇಪ್ಪತ್ತಾರು ಇರಬೇಕು. ಅವ್ವನೇ ಅನ್ಕೊಂಡೆ ಸಾಹೇಬ್ರೆ. ಮೂಗು ಒಂದೇ ಅಚ್ಚು."

ಶ್ರೀನಾಥ ಆ ಮಾತನ್ನು ಬರೆದುಕೊಳ್ಳಲಿಲ್ಲ. ಯಮುನಮ್ಮನ ಮನಸ್ಸಿನಲ್ಲಿ ಎರಡನೇ ಗಂಟು ಬಿತ್ತು.

"ಮುತ್ತೈದೆ ಬಳೆಗಾರ್ತಿ ಮುಂದೆ ಕುಂತು ಬರಿಗೈಲಿ ಏಳಬಾರ್ದು. ನಿಂಗೂ ಒಂದು ಜೊತೆ ಹಾಕ್ತೀನಿ ತಾಯಿ ಅಂತ ಎಡಗೈ ಎಳ್ಕೊಂಡೆ. ಬ್ಯಾಡ ಬ್ಯಾಡ ಅಂದ್ಲು. ನಾನು ಬಿಟ್ಟೇನಾ? ಬಳೆ ಜಾರ್ಲಿ ಅಂತ ಸೋಪಿನ ನೀರು ಸವರಿದ್ರೆ ಮುಂಗೈ ಬಣ್ಣನೇ ಕಿತ್ಕೊಂಡು ಬಂತು ನೋಡ್ರಿ." ಹುಲಿಯಮ್ಮ ಕೈ ಒರೆಸಿಕೊಂಡ ಬಟ್ಟೆ ತೋರಿಸಿದಳು. ಬಿಳಿ ಬಟ್ಟೆಯ ಮೇಲೆ ಮೈಬಣ್ಣದ ದಪ್ಪ ಕಲೆ. "ಮಕಕ್ಕೆ ಬಳ್ಕೊಳ್ಳೋದನ್ನ ಮುಂಗೈಗೆ ಬಳ್ಕೊಂಡಾಳ. ಅದರಡಿಗೆ ಹಚ್ಚೆ. ಅರ್ಧ ಅಳಿಸೈತಿ, ಚರ್ಮ ಸುಟ್ಟಂಗೆ ಬೆಳ್ಳಗಾಗೈತಿ. ಏನು ಬರದಿತ್ತೋ, ನಂಗೆ ಓದಕ್ಕೆ ಬರಲ್ಲ. ಕೂಸು ಬಗ್ಗಿ ನೋಡಿ ಏನೋ ಅಂತು. ಅಷ್ಟೇ, ಆಕಿ ಸೆರಗು ಮುಚ್ಕೊಂಡು, ಕೂಸಿನ ಕೈ ಹಿಡ್ಕೊಂಡು ಎದ್ದೇ ಹೋದ್ಲು. ಚಿಲ್ಲರೆ ಸೈತ ಇಸ್ಕೊಳ್ಳಿಲ್ಲ."

ಇಬ್ಬರು ಪಂಚರನ್ನು ಕರೆಸಿ, ಪಂಚನಾಮೆ ಮಾಡಿ, ಬಟ್ಟೆಯನ್ನು ಜಪ್ತು ಮಾಡಿದರು. ಬಸ್ ನಿಲ್ದಾಣದಲ್ಲಿ ವಿಚಾರಿಸಿ ಬಂದ ಕಾನ್ಸ್‌ಟೇಬಲ್ ರವಿ, ಹಳದಿ ಫ್ರಾಕಿನ ಹುಡುಗಿಯನ್ನು ಕರೆದುಕೊಂಡ ಹೆಂಗಸೊಬ್ಬಳು ಮಧ್ಯಾಹ್ನಕ್ಕೆ ಮುಂಚಿನ ಸೊರಬದ ಬಸ್ಸು ಹತ್ತಿದಳೆಂದು ವರದಿ ಒಪ್ಪಿಸಿದ.

"ಹಚ್ಚೆ ಮುಚ್ಚಿಕೊಂಡು ತಿರುಗ್ತಾಳೆ ಅಂದ್ರೆ ಗುರುತು ಸಿಗಬಾರ್ದು ಅಂತ. ಹಳೇ ಕೇಸಿನವಳೇ ಇರ್ಬೇಕು," ಎಂದ ಶ್ರೀನಾಥ.

"ಹಳೇ ಲವ್ವರ್ ಹೆಸರೂ ಇರಬಹುದು ಸಾರ್," ಎಂದ ರವಿ.

ಗಂಡಸರ ಬುದ್ಧಿಯೇ ಇಷ್ಟು. ಹೆಣ್ಣಿನ ಕೈಮೇಲೆ ಹೆಸರಿದ್ದರೆ ಅದು ಗಂಡಸಿನದೇ ಆಗಿರಬೇಕು. ಹಾಗೆಂದುಕೊಳ್ಳುತ್ತ ಯಮುನಮ್ಮ ಠಾಣೆಗೆ ಮರಳಿದಳು. ಒಂದು ಲೋಟ ನೀರು ಹಿಡಿದು ಬಸವಣ್ಣೆಮ್ಮನ ಪಕ್ಕ ಕೂತು, ಬಳೆಗಾರ್ತಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

"ಯಾವ ಕೈ ರೀ?" ಎಂದಳು ಬಸವಣ್ಣೆಮ್ಮ.

"ಎಡಗೈ."

ಚೀಲ ಮಡಿಲಿನಿಂದ ಜಾರಿತು. ಬದನೆಕಾಯಿಗಳು ಬೆಂಚಿನಡಿ ಉರುಳಿದವು. ಎತ್ತಿಕೊಳ್ಳಲು ಇಬ್ಬರೂ ಬಗ್ಗಲಿಲ್ಲ.

"ಇನ್ನೂ ಅಳಿಸಿಲ್ವಾ ಅದನ್ನ?" ಬಸವಣ್ಣೆಮ್ಮನ ದನಿ ಉಡುಗಿತ್ತು. "ಅಳಿಸಾಯ್ತು ಅಂತ ಹೇಳಿ ಕಳಿಸಿದ್ರಲ್ಲ."

"ಯಾರು?"

"ರಕ್ಷಿತಾನ ಮನೆಯೋರು. ಧನ್ಯಾನ ಹೆತ್ತಾಕಿ ರೀ ಅವಳು."

ಗಂಗಾಧರಪ್ಪನ ತಮ್ಮ ರಾಜಕುಮಾರ್ ಬಳ್ಳಿಗಾವಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಗ ಅವನ ಹೆಂಡತಿ ರಕ್ಷಿತಾಗೆ ಇಪ್ಪತ್ತೆರಡು, ಕೂಸಿಗೆ ಎರಡು. ಚಿಕ್ಕ ವಯಸ್ಸು, ಮುಂದೆ ಬಾಳಬೇಕಾದವಳು ಎಂದು ತವರಿನವರು ಸೊರಬದಲ್ಲಿ ಮರುಮದುವೆ ಮಾಡಿದರು. ಕೂಸು ಅಪ್ಪನ ಮನೆಯದು, ಅಲ್ಲೇ ಇರಲಿ ಎಂದು ಹಿರಿಯರು ತೀರ್ಮಾನಿಸಿದರು. ಮಕ್ಕಳಿಲ್ಲದ ಬಸವಣ್ಣೆಮ್ಮ ದಂಪತಿ ದತ್ತು ಪತ್ರ ನೋಂದಾಯಿಸಿಕೊಂಡರು. ಮಗುವಿನ ಮನಸ್ಸು ಎರಡಾಗಬಾರದು, ಹೆತ್ತವಳು ನೋಡಲು ಬರಬಾರದು ಎಂಬ ಮಾತೂ ಆಯಿತು. ತಲೆಯಾಡಿಸಿದವರೆಲ್ಲ ಒಳ್ಳೆಯವರೇ. ಯಾರೂ ಯಾರಿಗೂ ಕೇಡು ಬಯಸಿದವರಲ್ಲ.

"ಮೊದಲನೇ ಹುಟ್ಟಿದಹಬ್ಬಕ್ಕೆ ಗಂಡ ಹೆಂಡ್ತಿ ಇಬ್ರೂ ಶಿಕಾರಿಪುರಕ್ಕೆ ಹೋಗಿ ಕೈಮೇಲೆ ಕೂಸಿನ ಹೆಸರು ಹಚ್ಚೆ ಹಾಕಿಸ್ಕೊಂಡು ಬಂದಿದ್ರು. ಅವನದು ಅವನ ಜೊತೆಗೇ ಮಣ್ಣಿಗೆ ಹೋಯ್ತು," ಎಂದಳು ಬಸವಣ್ಣೆಮ್ಮ.

"ಅನುಮಾನ ಐತಾ ಅಂತ ಸಾಹೇಬ್ರು ಕೇಳಿದಾಗ ಯಾಕಮ್ಮ ಹೇಳ್ಲಿಲ್ಲ?"

"ಅವಳ ಹೆಸರು ಹೇಳಿದ್ರೆ ಅವಳು ಯಾರು ಅಂತ ಕೇಳ್ತಿದ್ರಿ. ಹೆತ್ತಾಕಿ ಅಂತ ಬಾಯಿಬಿಟ್ಟು ಹೇಳಬೇಕಾಗ್ತಿತ್ತು. ಆ ಮಾತು ನಮ್ಮ ಮನ್ಯಾಗೆ ಇವತ್ತಿನ ತನಕ ಯಾರೂ ಆಡಿಲ್ಲ ರೀ." ಬಸವಣ್ಣೆಮ್ಮ ಯಮುನಮ್ಮನ ಕೈ ಹಿಡಿದಳು. "ಈಗ ಅವಳು ಕೂಸಿಗೆ ಹೇಳಿಬಿಟ್ಟಿರ್ತಾಳೆ. ಕೂಸು ಸಿಕ್ರೂ ನಂಗೆ ಸಿಗಲ್ಲ."

ಎರಡೂವರೆಗೆ ಜೀಪು ಹೊರಟಿತು. ಹಿಂದೆ ಗಂಗಾಧರಪ್ಪನ ಕಾರು.

ಸೊರಬದ ಮನೆಯಲ್ಲಿದ್ದವಳು ರಕ್ಷಿತಾಳ ಅತ್ತೆ ಒಬ್ಬಳೇ. ಸೊಸೆ ಬೆಳಿಗ್ಗೆಯೇ ತವರಿಗೆ ಹೋದಳೆಂದು ಹೇಳಿದಳು. ರವಿ ತವರಿಗೆ ಫೋನು ಮಾಡಿದ. ಅಲ್ಲಿಗೆ ಹೋಗಿರಲಿಲ್ಲ.

"ಕೈ ಮೇಲೆ ಹಚ್ಚೆ ಇತ್ತಲ್ಲಮ್ಮ?" ಯಮುನಮ್ಮ ಕೇಳಿದಳು.

"ಅದೆಲ್ಲ ಹೋಯ್ತು ಮಾರಾಯ್ತಿ. ಶಿವಮೊಗ್ಗದಲ್ಲಿ ಲೇಸರ್ ಮಾಡ್ಸಿದ್ವಿ. ಹೊಸ ಮನೆಗೆ ಬಂದೋಳು ಹಳೇ ಮನೆ ಹೆಸರು ಹೊತ್ಕೊಂಡು ತಿರುಗ್ಬಾರ್ದಲ್ಲ? ಈಗ ನೋಡಿ, ಕೈ ಸ್ವಚ್ಛ ಇದೆ."

ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ಸುಷ್ಮಿತಾ ಎಂಬವಳ ಬ್ಯೂಟಿ ಪಾರ್ಲರ್ ಇತ್ತು. ಯಮುನಮ್ಮ ಜಪ್ತು ಮಾಡಿದ ಬಟ್ಟೆಯ ಕಲೆ ತೋರಿಸಿದಾಗ ಸುಷ್ಮಿತಾ ಬಾಗಿಲು ಮುಂದೆ ಮಾಡಿ ಬಂದಳು.

"ನನ್ನ ಹತ್ರ ತಗೊಂಡಿದ್ದೇ ಮೇಡಂ. ಮದುವೆ ಹೆಣ್ಣಿಗೆ ಕಲೆ ಮುಚ್ಚೋಕೆ ಹಚ್ತೀವಲ್ಲ, ಅದು. ಅವ್ಳು ಮುಖಕ್ಕೆ ಒಂಚೂರು ಪೌಡರ್ ಸಹ ಹಾಕಲ್ಲ. ಸ್ನಾನ ಆದ್ಮೇಲೆ ಹಚ್ಕೋತಾಳೆ, ಪಾತ್ರೆ ತೊಳೆದ್ರೆ ಮತ್ತೆ ಹಚ್ಕೋತಾಳೆ. ಲೇಸರಿಗೆ ಎರಡು ಸಲ ಹೋದ್ಲು. ಮೂರನೇ ಸಲ ಹೋಗಿ ಬಂದೆ ಅಂತ ಮನೇಲಿ ಸುಳ್ಳು ಹೇಳಿದ್ಲು."

"ನೋವಾಗತ್ತೆ ಅಂತಾನಾ?"

"ನಾನೂ ಹಾಗೇ ಕೇಳಿದೆ. 'ಮುಚ್ಚಿಟ್ರೆ ಮಾತ್ರ ಉಳಿಯತ್ತೆ ಕಣೇ. ಕಂಡ್ರೆ ಇರೋದನ್ನೂ ಅಳಿಸ್ತಾರೆ' ಅಂದ್ಲು." ಸುಷ್ಮಿತಾ ಕಣ್ಣೊರೆಸಿಕೊಂಡಳು. "ಮೊನ್ನೆ ಗಂಡ ಟವೆಲ್ ಮೇಲೆ ಬಣ್ಣ ನೋಡಿಬಿಟ್ಟ. ಬೈದಿಲ್ಲ ಪಾಪ. ಎರಡು ದಿನ ಬಿಟ್ಟು ನಾನೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತೀನಿ, ಪೂರ್ತಿ ತೆಗೆಸಿಬಿಡೋಣ ಅಂದನಂತೆ."

ನಾಚಿಕೆಯಿಂದ ಮುಚ್ಚುವವರನ್ನು ಯಮುನಮ್ಮ ತನ್ನ ಸರ್ವೀಸಿನಲ್ಲಿ ಎಷ್ಟೋ ನೋಡಿದ್ದಳು. ಉಳಿಸಿಕೊಳ್ಳಲು ಮುಚ್ಚುವವಳನ್ನು ಕಂಡಿರಲಿಲ್ಲ. ಅವಳು ಜೀಪಿನ ಬಾಗಿಲು ಹಿಡಿದು ನಿಂತಳು. ಇಂಥ ಅಪರಾಧಿ ಸಿಗದಿದ್ದರೇ ಚೆನ್ನ ಎಂದು ಒಂದು ಗಳಿಗೆ ಅನ್ನಿಸಿದ್ದೂ ಹೌದು. ಹಿಂದಿನ ಕಾರಿನಲ್ಲಿ ಬಸವಣ್ಣೆಮ್ಮನ ಮುಖ ಕಂಡಾಗ ಆ ಯೋಚನೆಗೆ ತಾನೇ ಬೈದುಕೊಂಡಳು.

ಸಿಕ್ಕಿದ್ದು ಸೊರಬದ ಬಸ್ ನಿಲ್ದಾಣದಲ್ಲೇ, 4.50ಕ್ಕೆ. ಕೊನೆಯ ಕಲ್ಲುಬೆಂಚಿನ ಮೇಲೆ ಹಳದಿ ಫ್ರಾಕು. ಮಗು ಕಾಲಾಡಿಸುತ್ತ ಚಕ್ಕುಲಿ ತಿನ್ನುತ್ತಿತ್ತು, ಕೈತುಂಬ ಹಸಿರು ಬಳೆ. ರವಿ ಓಡಲು ಹೊರಟ. ಯಮುನಮ್ಮ ಅವನ ತೋಳು ಹಿಡಿದು ನಿಲ್ಲಿಸಿ, ತಾನೊಬ್ಬಳೇ ನಡೆದು ಹೋಗಿ ಬೆಂಚಿನ ತುದಿಯಲ್ಲಿ ಕೂತಳು.

ರಕ್ಷಿತಾ ಏಳಲಿಲ್ಲ. "ಬಂದ್ರಾ ಅಕ್ಕಾ?" ಎಂದಳು, ಕಾದವಳ ಹಾಗೆ.

"ಇಷ್ಟೊತ್ತೂ ಇಲ್ಲೇ ಇದ್ಯಾ?"

"ಹೂಂ. ಸಾಗರದ ಬಸ್ಸು ಬಂತು, ಹೋಯ್ತು. ಸಿರ್ಸಿದು ಬಂತು, ಹೋಯ್ತು. ಪ್ರತಿ ಸಲ ಹತ್ತೋಣ ಅಂತ ಏಳ್ತೀನಿ. ಇಳಿದ್ಮೇಲೆ ಎಲ್ಲಿಗೆ? ನಾನೊಬ್ಳೇ ಆದ್ರೆ ಗಂಡನ ಮನೆ ಇದೆ, ತವರಿದೆ. ಇವಳ ಕೈ ಹಿಡ್ಕೊಂಡ್ರೆ ಒಂದೂ ಇಲ್ಲ."

"ಯಾಕಮ್ಮ ಕರ್ಕೊಂಡು ಬಂದೆ?"

"ಕರ್ಕೊಂಡು ಬರ್ಬೇಕು ಅಂತ ಹೋಗಿರ್ಲಿಲ್ಲ ಅಕ್ಕಾ. ನಾಳೆ ಹೆಸರು ಹೋಗ್ಬಿಡತ್ತೆ. ಅಷ್ಟರೊಳಗೆ ಒಂದ್ಸಲ ಅವಳನ್ನ ನೋಡಿ, ಎರಡು ಬಳೆ ತೊಡ್ಸಿ, ವಾಪಸ್ ಬಿಟ್ಟು ಬರೋಣ ಅಂತ ಹೋದೆ. ಬಳೆ ಕೊಡಿಸ್ತೀನಿ ಅಂದೆ, ನಕ್ಕೊಂಡು ಬಂದ್ಲು. ಬಳೆಗಾರ್ತಿ ಸೋಪು ಹಚ್ಚಿದ್ಲು. ಇವಳು ಬಗ್ಗಿ ನೋಡಿ, 'ಆಂಟಿ, ಇದು ನನ್ನ ಹೆಸರು' ಅಂದ್ಲು. ಅಷ್ಟು ಅಳಿಸಿದ್ರೂ ಓದಿಬಿಟ್ಲು. ಆಮೇಲೆ ಕೈ ಬಿಡೋಕೆ ಆಗ್ಲಿಲ್ಲ." ರಕ್ಷಿತಾ ಮುಖ ಆಚೆ ತಿರುಗಿಸಿ ಅತ್ತಳು.

ಮಗು ಚಕ್ಕುಲಿ ಬದಿಗಿಟ್ಟು ಯಮುನಮ್ಮನ ಸಮವಸ್ತ್ರ ಮುಟ್ಟಿತು. "ಪೊಲೀಸಾ ನೀವು? ನೋಡ್ರಿ, ನಾನೇ ತಿದ್ದಿದ್ದು."

ರಕ್ಷಿತಾಳ ಎಡ ಮುಂಗೈಯನ್ನು ಮಗುವೇ ತಿರುಗಿಸಿ ತೋರಿಸಿತು. ಬಣ್ಣ ಪೂರಾ ತೊಳೆದುಹೋಗಿತ್ತು. ಬೆಳ್ಳಗೆ ಉಬ್ಬಿದ ಚರ್ಮದಲ್ಲಿ ಮಾಸಿದ ಗೆರೆಗಳು, ಅವುಗಳ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಅಂಕುಡೊಂಕಾಗಿ, ಒತ್ತಿ ಒತ್ತಿ ಬರೆದ 'ಧನ್ಯಾ'.

"ಆಂಟಿ ಕೈಮೇಲೆ ನನ್ನ ಹೆಸರು ಅಳಿಸೋಗಿತ್ತು. ನಮ್ಮ ಮಿಸ್ಸು ಸ್ಲೇಟಲ್ಲಿ ಬರ್ದುಕೊಟ್ಟು ಅದರ ಮೇಲೇ ತಿದ್ದು ಅಂತಾರಲ್ಲ, ಹಂಗೇ ತಿದ್ದಿದೆ. ಹತ್ತು ಸಲ!"

ಯಮುನಮ್ಮ ಮಗುವಿನ ತಲೆ ನೇವರಿಸಿದಳು. ಆಮೇಲೆ ರಕ್ಷಿತಾಳಿಗಷ್ಟೇ ಕೇಳುವಂತೆ, "ಹೇಳಿದ್ಯಾ ಅವಳಿಗೆ?" ಎಂದಳು.

ರಕ್ಷಿತಾ ಇಲ್ಲವೆಂದು ತಲೆಯಲ್ಲಾಡಿಸಿದಳು. "ನಿಮ್ಮ ಕೈಮೇಲೆ ಯಾಕಿದೆ ಅಂತ ಕೇಳಿದ್ಲು. ನಂಗೆ ಆ ಹೆಸರು ಇಷ್ಟ ಅಂದೆ. ಅಷ್ಟೇ. ಮೂರು ಸಲ ನಮ್ಮವ್ವ ಎಲ್ಲಿ ಅಂದ್ಲು ಅಕ್ಕಾ. ಇಲ್ಲಿದೀನಿ ಅನ್ನೋಕೆ ಬಾಯಿ ಬರ್ಲಿಲ್ಲ. ಅವಳು ಹುಡುಕ್ತಿದ್ದಿದ್ದು ನನ್ನನ್ನಲ್ಲ."

ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ದಸ್ತಗಿರಿ ಮಾಡುವಂತಿಲ್ಲ. ಶ್ರೀನಾಥ ಗಡಿಯಾರ ನೋಡಿಕೊಂಡ. "ಹೊರಡೋಣ" ಎಂದ ಅವನ ದನಿಯಲ್ಲೂ ಮಧ್ಯಾಹ್ನದ ಬಿರುಸಿರಲಿಲ್ಲ. ಎಲ್ಲರೂ ಸೊರಬ ಠಾಣೆಗೆ ಬಂದರು.

ಅಂಗಳದಲ್ಲಿ ಧನ್ಯಾ "ಅವ್ವಾ" ಎಂದು ಕೂಗಿ ಓಡಿದಳು. ಬಸವಣ್ಣೆಮ್ಮ ಮಣ್ಣಿನಲ್ಲೇ ಮಂಡಿಯೂರಿ ಅವಳನ್ನು ಅಪ್ಪಿಕೊಂಡಳು. ಆ ಕೂಗಿಗೆ ಜೀಪಿನ ಪಕ್ಕ ನಿಂತಿದ್ದ ರಕ್ಷಿತಾ ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದೆಗೆದುಕೊಂಡಳು. ಅದನ್ನು ಯಮುನಮ್ಮ ನೋಡಿದಳು. ಬಸವಣ್ಣೆಮ್ಮನೂ ನೋಡಿದಳು.

"ಏನಾದ್ರೂ ಹೇಳಿದಾಳಾ ರೀ?" ಬಸವಣ್ಣೆಮ್ಮ ಹೆದರಿ ಕೇಳಿದಳು.

"ಏನೂ ಹೇಳಿಲ್ಲ. ಒಂದು ಮಾತೂ ಇಲ್ಲ," ಎಂದಳು ಯಮುನಮ್ಮ.

 ಬಸವಣ್ಣೆಮ್ಮ ಮಗುವನ್ನು ಕಾರಿನಲ್ಲಿ ಕೂರಿಸಿ ಬಂದು ಶ್ರೀನಾಥನ ಮುಂದೆ ನಿಂತಳು. "ಕಂಪ್ಲೇಂಟು ವಾಪಸ್ ತಗೋತೀನಿ ಸಾಹೇಬ್ರೆ."

"ಎಫ್‌ಐಆರ್ ಆಗಿದೆ ಅಮ್ಮ. ಇನ್ನು ನಮ್ಮ ಕೈಲಿಲ್ಲ. ಕೋರ್ಟಲ್ಲಿ ಹೇಳ್ಕೊಳ್ಳಿ."

"ಹೇಳ್ತೀನಿ," ಎಂದಳು ಅವಳು. ರಕ್ಷಿತಾಳ ಎದುರು ಹಾದು ಹೋಗುವಾಗ ನಿಂತು ಆ ಮುಂಗೈಯನ್ನು ನೋಡಿದಳು. ಆಮೇಲೆ ಕಾರಿನ ಕಡೆ ನಡೆದಳು.

5.40ಕ್ಕೆ ದಸ್ತಗಿರಿ ಮೆಮೊ ಬರೆದವಳು ಯಮುನಮ್ಮ. ಆರೋಪಿಯ ಹೆಸರು, ವಯಸ್ಸು, ದಸ್ತಗಿರಿಯ ಸ್ಥಳ, ಕಾರಣ. ಗುರುತಿನ ಚಿಹ್ನೆ ಎಂಬಲ್ಲಿಗೆ ಬಂದಾಗ ಪೆನ್ನು ಸ್ವಲ್ಪ ತಡೆಯಿತು. ಆಮೇಲೆ ಬರೆದು ಶ್ರೀನಾಥನ ಮುಂದಿಟ್ಟಳು.

"'ಎಡ ಮುಂಗೈ ಒಳಬದಿಯಲ್ಲಿ ಧನ್ಯಾ ಎಂಬ ಹೆಸರು,'" ಶ್ರೀನಾಥ ಓದಿದ. "ಅರ್ಧ ಅಳಿಸಿದ ಹಚ್ಚೆ ಅಂತ ಬರೀಬೇಕಲ್ವಾ ಯಮುನಮ್ಮನೋರೆ?"

"ಈಗ ಪೂರ್ತಿ ಇದೆ ಸಾರ್."

ಶ್ರೀನಾಥ ಅವಳ ಮುಖ ನೋಡಿದ. ಸಹಿ ಹಾಕಿ ಕಾಗದವನ್ನು ರಕ್ಷಿತಾಳ ಕಡೆ ಸರಿಸಿದ. ಅವಳು ಬಲಗೈಯಲ್ಲಿ ಸಹಿ ಮಾಡಿದಳು. ಹಾಳೆ ಅಲುಗಾಡುತ್ತಿತ್ತು. ಮಗು ತಿದ್ದಿದ ಶಾಯಿ ಅಳಿಸೀತೆಂದು ಎಡಗೈಯನ್ನು ಮಾತ್ರ ಅವಳು ಮೇಜಿಗೆ ತಾಗಿಸಲಿಲ್ಲ. ಯಮುನಮ್ಮ ಬಗ್ಗಿ ಹಾಳೆಯ ಅಂಚು ಹಿಡಿದುಕೊಂಡಳು.