ತಣ್ಣಗಿದ್ದಾಗ ಮಾತ್ರ ಬರುವ ಶಿಳ್ಳೆ

"ನನ್ನ ಗಾಡಿ ಶಿಳ್ಳೆ ಹೊಡೀತಿದೆ ಮೇಡಂ."

"ಯಾರನ್ನ ನೋಡಿ?"

ಕೇಳಿದ್ದು ಅವಳಲ್ಲ, ಪಕ್ಕದ ಕಾರಿನಡಿ ಮಲಗಿದ್ದ ಅಪ್ಪ. ಹೊರಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. ಆ ಬೂಟುಗಳೂ ನಗುತ್ತಿರುವಂತಿದ್ದವು.

ಅವಳು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ತಲೆಯೆತ್ತಿ ನೋಡಿದಳು. ಗ್ಯಾರೇಜಿನ ಬಾಗಿಲಲ್ಲಿ ದನದ ಡಾಕ್ಟರು ನಿಂತಿದ್ದ. ಮೊಣಕಾಲುದ್ದದ ರಬ್ಬರ್ ಬೂಟು, ಕೂದಲಲ್ಲಿ ಒಂದು ಹುಲ್ಲುಕಡ್ಡಿ, ತೆಗೆಯಲು ಮರೆತು ಕುತ್ತಿಗೆಯಲ್ಲೇ ಉಳಿದ ಸ್ಟೆತಸ್ಕೋಪು. ಅವನ ಹಿಂದೆ ಹಳೆಯ ನೀಲಿ ಪಿಕಪ್ಪು ಏನೂ ಅರಿಯದ ಕೂಸಿನಂತೆ ಗುರುಗುಟ್ಟುತ್ತಿತ್ತು.

"ಎಂಥ ಶಿಳ್ಳೆ? ಮಾಡಿ ತೋರಿಸಿ."

ಅವನು ಸ್ವಲ್ಪ ಸಂಕೋಚದಿಂದ ಅತ್ತಿತ್ತ ನೋಡಿ, ತುಟಿ ದುಂಡಗೆ ಮಾಡಿ, ಸಣ್ಣಗೆ ಉದ್ದಕ್ಕೆ ಊದಿದ.

"ಇನ್ನೊಂದ್ಸಲ."

"ಯಾಕೆ, ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಚೆನ್ನಾಗಿತ್ತು ಅಂತ."

ಅವನ ಕಿವಿಯ ತುದಿ ಕೆಂಪಾಯಿತು. ಚಳಿಗೆ ಇರಬಹುದು ಎಂದುಕೊಂಡು ಅವಳು ಬಾನೆಟ್ ಎತ್ತಿದಳು. ಫ್ಯಾನು, ಬೆಲ್ಟು, ಪುಲ್ಲಿ ಎಲ್ಲ ತಮ್ಮ ಪಾಡಿಗೆ ತಿರುಗುತ್ತಿದ್ದವು. ಶಿಳ್ಳೆ ಎಲ್ಲೂ ಇರಲಿಲ್ಲ.

"ಬೆಳಗ್ಗೆ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತಲ್ಲ, ಆಗ ಸ್ಟಾರ್ಟ್ ಮಾಡಿದ್ರೆ ಶುರುವಾಗತ್ತೆ. ಇಂಜಿನ್ ಬಿಸಿಯಾಯ್ತೋ, ಮಾಯ," ಎಂದ ಅವನು. "ನನ್ನ ಹತ್ರ ಬರೋ ಹಸುಗಳೂ ಹೀಗೇ. ಮನೇಲಿ ಕುಂಟುತ್ವೆ, ನನ್ನ ಮುಂದೆ ಕುಣೀತ್ವೆ."

ತಣ್ಣಗಿದ್ದಾಗ ಶಿಳ್ಳೆ ಎಂದರೆ ಬೆಲ್ಟಿನ ಮೇಲೆ ಮೊದಲ ಅನುಮಾನ. ಹಳೆಯ ಬೆಲ್ಟು ಹೇಗಿದ್ದರೂ ಬಿರುಕು ಬಿಟ್ಟಿತ್ತು, ಅವಳು ಬದಲಾಯಿಸಿದಳು. ಆದರೆ ಮುಂದಿನ ವಾರ ಅವನು ಮತ್ತೆ ಬಂದ. ಅದರ ಮುಂದಿನ ವಾರವೂ. ಬಂದಾಗಲೆಲ್ಲ ಇಂಜಿನ್ ಬಿಸಿ, ಗಾಡಿ ಮೌನ. ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂತು ಚಹಾ ಕುಡಿಯುತ್ತ ಅವನು ಶಿಳ್ಳೆಯ ವರ್ಣನೆ ಮಾಡುತ್ತಿದ್ದ, ಅವಳು ಕೇಳುತ್ತಿದ್ದಳು. ಆಮೇಲೆ ಮಾತು ಒದೆಯುವ ಕತ್ತೆಗೆ, ಔಷಧಿ ನೆಕ್ಕಿ ಮತ್ತಷ್ಟು ಬೇಕೆಂದು ಹಿಂದೆ ಬಿದ್ದ ಮೇಕೆಗೆ ತಿರುಗುತ್ತಿತ್ತು. ಅವಳು ನಕ್ಕರೆ ಅವನು ಕತೆ ನಿಲ್ಲಿಸಿ ಆ ನಗು ಮುಗಿಯುವವರೆಗೆ ನೋಡುತ್ತಿದ್ದ.

"ಗಾಡಿಗೆ ಏನೂ ಆಗಿಲ್ಲ ಮಗಳೇ," ಎನ್ನುತ್ತಿದ್ದ ಅಪ್ಪ, ಅವನು ಹೊರಟ ಮೇಲೆ. "ಆಗಿರೋದು ಡ್ರೈವರ್‌ಗೆ."

"ಸುಮ್ನಿರಪ್ಪ."

ಪರೀಕ್ಷಿಸಿ ನೋಡದ ಅನುಮಾನವನ್ನು ಅವಳು ಯಾವತ್ತೂ ನಂಬಿದವಳಲ್ಲ. ಇದೊಂದನ್ನು ಮಾತ್ರ ಪರೀಕ್ಷಿಸಲು ಧೈರ್ಯ ಬರಲಿಲ್ಲ. ಸುಳ್ಳಾಗಿಬಿಟ್ಟರೆ?

ಹಾಗಿರುವಾಗ ಒಂದು ಮಧ್ಯಾಹ್ನ ಅವನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದ:

"ಮೇಲೆ ಬೆಟ್ಟದ ಆಸ್ಪತ್ರೆಗೆ ಕರೀತಿದಾರೆ. ಅಲ್ಲಿ ಡಾಕ್ಟ್ರೇ ಇಲ್ಲ. ಸೋಮವಾರದಿಂದ ಬಾ ಅಂತಾರೆ."

"ದೂರಾನಾ?"

"ಎರಡು ಗಂಟೆ ದಾರಿ. ಅಲ್ಲೇ ಮನೆ ಕೊಡ್ತಾರೆ. ಗಾಡಿ ಗಟ್ಟಿಯಾಗಿದ್ರೆ ಬರ್ತೀನಿ ಅಂದಿದೀನಿ. ಈ ಶಿಳ್ಳೆ ಇಟ್ಕೊಂಡು ಬೆಟ್ಟ ಹತ್ತಕ್ಕಾಗಲ್ಲ, ನಡುದಾರೀಲಿ ಕೈ ಕೊಟ್ರೆ ಏನು ಗತಿ? ನೀವು ಹೇಳೋದೇ ಕೊನೇ ಮಾತು."

ಅಂದರೆ ಅವಳು ಶಿಳ್ಳೆಯನ್ನು ಕಂಡುಹಿಡಿದರೆ ಅವನು ಹೋಗುತ್ತಾನೆ. ಕಂಡುಹಿಡಿಯದಿದ್ದರೆ ಇಲ್ಲೇ ಇರುತ್ತಾನೆ, ಆದರೆ ಬಾಯಿಬಾರದ ಎಷ್ಟೋ ಜೀವಗಳು ಮೇಲೆ ಡಾಕ್ಟರಿಲ್ಲದೆ ಕಾಯುತ್ತಿರುತ್ತವೆ. ಅವಳ ಎದೆಯೊಳಗೆ ಏನೋ ಒಂದು ನಟ್ಟು ಸಡಿಲವಾಗಿ ಬಿದ್ದು, ಎಲ್ಲಿ ಬಿತ್ತೆಂದು ಕಾಣದಂತಾಯಿತು.

"ಗಾಡಿ ರಾತ್ರಿ ಇಲ್ಲೇ ಬಿಡಿ," ಎಂದಳು. "ಹೊರಗೆ ನಿಂತು ಚೆನ್ನಾಗಿ ತಣ್ಣಗಾಗ್ಲಿ. ನಾನು ಬೆಳಗ್ಗೆ ಬಂದು ಕೇಳ್ತೀನಿ."

ಬೆಳಗ್ಗೆ ಬಂದು ನೋಡಿದರೆ ಬಾನೆಟ್ಟಿನ ಮೇಲೆ ದಪ್ಪ ಕಂಬಳಿ. ಗಾಡಿ ಹೊರಗಿಲ್ಲ, ಒಲೆಯ ಪಕ್ಕದಲ್ಲಿ ಬೆಚ್ಚಗೆ ನಿಂತಿದೆ.

"ಅಪ್ಪಾ!"

"ಏನು ಚಳಿ ಅಂತೀಯ! ಪಾಪ, ಹಳೇ ಗಾಡಿ. ಒಳಗೆ ತಂದು ಹೊದಿಸ್ದೆ."

"ತಣ್ಣಗಾಗ್ಲಿ ಅಂತಾನೇ ಬಿಟ್ಟಿದ್ದು!"

"ನನಗೇನು ಗೊತ್ತು? ನಿನ್ನನ್ನೂ ಹಾಗೇ ಹೊದಿಸಿ ಬೆಳೆಸಿದ್ದು," ಎಂದು ಅಪ್ಪ ಮುಖ ಸಣ್ಣಗೆ ಮಾಡಿಕೊಂಡ.

ಬೆಳಗ್ಗೆ ತಾನೇ ಬಂದು ಕೇಳುವುದಾಗಿ ಹೇಳಿ ಅವಳು ಗಾಡಿಯನ್ನು ಡಾಕ್ಟರ ಜೊತೆ ಕಳಿಸಿದಳು. ಮರುದಿನ ಹೊತ್ತು ಮೂಡುವ ಮೊದಲೇ ಅವನ ಮನೆಗೆ ನಡೆದು ಹೋದಳು. ಬೀದಿಯ ಹುಲ್ಲು ಬೂಟಿನಡಿ ಕರಕರ ಎನ್ನುತ್ತಿತ್ತು. ಮೂಲೆ ತಿರುಗುವಾಗಲೇ ಕಿವಿಗೆ ಬಿತ್ತು: ಗುರುಗುರು, ಗುರುಗುರು. ಗಾಡಿ ಆಗಲೇ ಸ್ಟಾರ್ಟಾಗಿತ್ತು. ಶಿಳ್ಳೆ ಹೊಡೆದು, ಮುಗಿಸಿ, ಸುಮ್ಮನಾಗಿತ್ತು.

ಅವನು ಡ್ರೈವರ್ ಬಾಗಿಲು ತೆರೆದು ಹಿಡಿದಿದ್ದ. "ಬನ್ನಿ ಬನ್ನಿ, ಒಳಗೆ ಕೂತ್ಕೊಳ್ಳಿ. ಚಳೀಲಿ ನಡ್ಕೊಂಡು ಬರ್ತೀರಲ್ಲ ಅಂತ ಹೀಟರ್ ಹಾಕಿಟ್ಟಿದೀನಿ."

ಅವಳಿಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. "ಡಾಕ್ಟ್ರೇ, ನಿಮಗೆ ಓದು ಕಲಿಸಿದವರು ಯಾರು? ಜ್ವರ ನೋಡೋಕೆ ಮುಂಚೆ ಯಾರಾದ್ರೂ ಮಾತ್ರೆ ಕೊಡ್ತಾರಾ?"

"ಹೌದಲ್ವಾ," ಎಂದು ಅವನು ತಲೆ ಕೆರೆದುಕೊಂಡ.

ಬಯ್ಯುತ್ತಲೇ ಅವಳು ಒಳಗೆ ಕೂತಳು. ಸೀಟು ಬೆಚ್ಚಗಿತ್ತು. ಅದರ ಮೇಲೆ ಒಗೆದು ಮಡಚಿದ ಟವೆಲ್ಲೊಂದನ್ನು ಹಾಸಿದ್ದ. ಹಸುವಿನ ಕೂದಲು ಅವಳಿಗೆ ಅಂಟದಿರಲೆಂದು ಇರಬೇಕು. ಹೀಟರಿನ ಮುಂದೆ ಬೆರಳು ಚಾಚಿದಾಗ ಕೋಪ ಇಬ್ಬನಿಯ ಹಾಗೆ ಕರಗತೊಡಗಿತು. ಪೂರ್ತಿ ಕರಗುವ ಮುನ್ನ ಅವಳು ಕೀ ಕಿತ್ತು ಜೇಬಿಗೆ ಹಾಕಿಕೊಂಡಳು.

"ಇದು ನನ್ನ ಹತ್ರ ಇರ್ಲಿ. ನಾಳೆವರೆಗೆ ನೀವು ಗಾಡೀನ ಮುಟ್ಟಬಾರ್ದು."

"ಹಸುಗಳು?"

"ನಮ್ಮಪ್ಪನ ಸ್ಕೂಟರ್ ಕೊಡ್ತೀನಿ."

ಮರುದಿನ ಬೆಳಗ್ಗೆ ಡಾಕ್ಟರ ಮನೆಯ ಮುಂದೆ ನಿಂತಿದ್ದ ಗಾಡಿಯ ಗಾಜಿನ ಮೇಲೆ ಬಿಳಿ ಹೆಪ್ಪು ದಟ್ಟವಾಗಿತ್ತು. ಅವಳು ಕೀ ತಿರುಗಿಸಿದಳು. ಇಂಜಿನ್ ಒಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಮರುಕ್ಷಣ ಶಿಳ್ಳೆ ಶುರುವಾಯಿತು. ಸಣ್ಣಗೆ, ಉದ್ದಕ್ಕೆ, ಅವನು ಮೊದಲ ದಿನ ತುಟಿಯಲ್ಲಿ ಊದಿದ ಅದೇ ಸ್ವರ.

ಹಾಗಾದರೆ ಶಿಳ್ಳೆ ನಿಜ. ಅವನು ಬರುತ್ತಿದ್ದದ್ದು ನಿಜವಾಗಿಯೂ ಗಾಡಿಗಾಗಿ. ಅವಳಿಗೆ ಖುಷಿಯಾಗಬೇಕಿತ್ತು.

"ಬೇಗ! ಬಿಸಿಯಾಗೋಕೆ ಮುಂಚೆ ಹಿಡೀಬೇಕು," ಎಂದು ಅವನನ್ನು ಕರೆದಳು.

ಅವಳು ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡಳು. ಅವನು ಸ್ಟೆತಸ್ಕೋಪನ್ನು ಇನ್ನೊಂದು ಪಕ್ಕಕ್ಕಿಟ್ಟ. ಬಾನೆಟ್ಟಿನಡಿ ಎರಡು ತಲೆಗಳು ಬಗ್ಗಿದವು. ಇಬ್ಬರ ಉಸಿರ ಹಬೆ ನಡುವೆ ಸೇರಿ ಒಂದಾಗಿ ಮೇಲೇರಿತು. ಅವನ ಕಣ್ಣು ಒಂದು ಕ್ಷಣ ಪುಲ್ಲಿಯನ್ನು ಬಿಟ್ಟು ಅವಳ ಕೆನ್ನೆಯ ಗ್ರೀಸ್ ಗೆರೆಗೆ ಬಂದು, ಸಿಕ್ಕಿಬಿದ್ದು, ಹಿಂದೆ ಓಡಿತು.

"ಬೇರಿಂಗ್ ಅಲ್ಲ," ಎಂದಳು ಅವಳು. ಬೆಲ್ಟಿನ ಮೇಲೆ ನೀರು ಚಿಮುಕಿಸಿದಳು. ಬೆಲ್ಟಿನದೇ ಸದ್ದಾಗಿದ್ದರೆ ಬದಲಾಗಬೇಕಿತ್ತು, ಬದಲಾಗಲಿಲ್ಲ. "ಶಬ್ದ ಬರ್ತಿರೋದು ಪುಲ್ಲಿ ಹಿಂದಿನ ಆಯಿಲ್ ಸೀಲ್‌ನಿಂದ. ಆದ್ರೆ ಸೀಲ್ ಚೆನ್ನಾಗೇ ಇದೆ, ಒಂದು ಹನಿ ಸೋರಿಲ್ಲ."

ಅವನು ಸ್ಟೆತಸ್ಕೋಪ್ ಕಿವಿಯಿಂದ ತೆಗೆದ. "ಕುದುರೆ ಉಸಿರಾಡುವಾಗ ಶಿಳ್ಳೆ ಬಂದ್ರೆ ನಾವು ಮೊದಲು ನೋಡೋದು ಗಾಳಿ ಎಲ್ಲಿ ತಡೀತಿದೆ ಅಂತ. ದಾರಿ ಕಿರಿದಾದ್ರೆ ತಾನೇ ಶಿಳ್ಳೆ? ಇದಕ್ಕೂ ಉಸಿರಾಟ ಅಂತ ಏನಾದ್ರೂ ಇದೆಯಾ?"

ಅವಳು ಅವನನ್ನೇ ದಿಟ್ಟಿಸಿದಳು. ಇದೆ! ಇಂಜಿನ್ನಿನ ಹೊಟ್ಟೆಗೆ ಗಾಳಿಯಾಡಲು ಒಂದು ಸಣ್ಣ ಪೈಪಿದೆ. ಬ್ರೀದರ್ ಪೈಪ್. ಅದು ಕಟ್ಟಿಕೊಂಡರೆ ಇಂಜಿನ್ ಸಿಕ್ಕ ಸಂದಿಯಿಂದಲೇ ಗಾಳಿ ಎಳೆದುಕೊಳ್ಳುತ್ತದೆ.

ಗಾಳಿಗೆ ಬೇರೆ ದಾರಿ ಕೊಟ್ಟು ನೋಡಲು ಅವಳು ಆಯಿಲ್ ಅಳೆಯುವ ಕಡ್ಡಿಯನ್ನು ಹಿಡಿದು ಸರಕ್ಕನೆ ಮೇಲಕ್ಕೆಳೆದಳು.

ಶಿಳ್ಳೆ ನಿಂತಿತು.

ಕಡ್ಡಿ ಒಳಗೆ. ಶಿಳ್ಳೆ. ಕಡ್ಡಿ ಹೊರಗೆ. ಮೌನ.

"ಇನ್ನೊಂದ್ಸಲ," ಎಂದ ಅವನು.

"ಯಾಕೆ, ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಚೆನ್ನಾಗಿತ್ತು ಅಂತ."

ಇಬ್ಬರೂ ಬಾನೆಟ್ ಹಿಡಿದುಕೊಂಡು ನಕ್ಕರು. ಇಂಜಿನ್ ಆರಿಸಿ ಅವಳು ಪೈಪನ್ನು ಬಿಚ್ಚಿ ತಟ್ಟಿದಳು. ಮೇಣದ ಬತ್ತಿಯ ಮೋಟಿನಂಥ ಮಂಜುಗಡ್ಡೆಯ ತುಂಡೊಂದು ಅವನ ಅಂಗೈಗೆ ಬಿತ್ತು. ಅದು ಕರಗುವುದನ್ನು ಇಬ್ಬರೂ ನೋಡುತ್ತ ನಿಂತರು.

ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ನೀರು ಬೆರೆತ ಆಯಿಲ್ಲಿನ ಹಳದಿ ಕೆನೆ ಕಟ್ಟಿತ್ತು. ಅಲ್ಲಿಗೆ ಲೆಕ್ಕ ಪೂರ್ತಿಯಾಯಿತು, ಅವಳ ನಗುವೂ ನಿಂತಿತು. ಈ ಗಾಡಿ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಪಕ್ಕದ ಕೊಟ್ಟಿಗೆಗೆ, ಅಷ್ಟೇ ಓಡುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಒಣಗುವುದಿಲ್ಲ; ಪೈಪಿಗೆ ಬಂದು ರಾತ್ರಿ ಹೆಪ್ಪುಗಟ್ಟುತ್ತದೆ. ಹತ್ತಿರದ ಓಡಾಟವೇ ರೋಗ. ಔಷಧಿ ಒಂದೇ: ದೂರ ಹೋಗಬೇಕು.

ಹೇಳದೆ ಇರಬಹುದಿತ್ತು. ಪೈಪ್ ಮತ್ತೆ ಸಿಕ್ಕಿಸಿ 'ಇನ್ನೊಂದು ವಾರ ನೋಡೋಣ' ಎಂದರೆ ಅವನು ನಂಬುತ್ತಿದ್ದ. ಸೋಮವಾರ ಕಳೆದುಹೋಗುತ್ತಿತ್ತು.

ಅವಳು ಎಲ್ಲವನ್ನೂ ಹೇಳಿದಳು, ಒಂದೂ ಬಿಡದೆ.

"ಹೊಸ ಪೈಪ್ ಹಾಕಿ, ಮೇಲೆ ಬೆಚ್ಚಗೆ ಸುತ್ತಿ ಕೊಡ್ತೀನಿ. ವಾರಕ್ಕೊಂದ್ಸಲ ಗಂಟೆಗಟ್ಟಲೆ ಓಡಿಸಿದ್ರೆ ಸಾಕು, ಗಾಡಿ ಗಟ್ಟಿ. ನೀವು ಬೆಟ್ಟಕ್ಕೆ ಹೋಗ್ಬಹುದು ಡಾಕ್ಟ್ರೇ."

ಅವನು ಒದ್ದೆ ಅಂಗೈಯನ್ನು ಕೋಟಿಗೆ ಒರೆಸಿಕೊಂಡ.

ಗ್ಯಾರೇಜಿಗೆ ತಂದು ಹೊಸ ಪೈಪ್ ಹಾಕಿ ಮುಗಿಸುವಾಗ ಸಂಜೆಯಾಗಿತ್ತು. ಅಪ್ಪ ಒಲೆಯ ಮುಂದೆ ಕೂತು, ಬಾರದ ನಿದ್ದೆ ಬಂದಂತೆ ನಟಿಸುತ್ತಿದ್ದ. ಅವಳು ಕೀ ಚಾಚಿದಳು. ಡಾಕ್ಟರು ತೆಗೆದುಕೊಳ್ಳಲಿಲ್ಲ.

"ಒಂದು ಮಾತು. ನಿನ್ನೆ ಬೆಳಗ್ಗೆ ನಾನು ಗಾಡಿ ಸ್ಟಾರ್ಟ್ ಮಾಡಿದ್ದು ನಿಮಗೆ ಚಳಿ ಅಂತ ಮಾತ್ರ ಅಲ್ಲ."

"ಮತ್ತೆ?"

"ನೀವು ಬಂದು ಕೇಳ್ತೀರಿ, ಕಂಡುಹಿಡೀತೀರಿ. ಆಮೇಲೆ ಇಲ್ಲಿಗೆ ಬರೋಕೆ ನನಗೆ ಕಾರಣ ಏನಿರತ್ತೆ? ಹಸು ತರ್ಲಾ?"

ಅವಳು ಕೀ ಚಾಚಿದ್ದ ಕೈಯನ್ನು ಕೆಳಗಿಳಿಸಿದಳು.

"ಮೊದಲನೇ ಸಲ ಬಂದಿದ್ದು ಗಾಡಿಗೇ," ಎಂದ ಅವನು. "ಆಮೇಲೆ ಬಂದಿದ್ದೆಲ್ಲ ಬರೀ ಗಾಡಿಗಲ್ಲ. ನೀವು ಬೇಡ ಅಂದ್ರೆ ಬೆಟ್ಟದಲ್ಲೇ ಇದ್ದುಬಿಡ್ತೀನಿ. ಹೂಂ ಅಂದ್ರೆ, ಹೋಗಲ್ಲ ಅಂತ ಅವರಿಗೆ ಹೇಳ್ತೀನಿ. ಹೇಳಿ, ನಿಮ್ಮದೇ ಕೊನೇ ಮಾತು."

"ಹೋಗಿ," ಎಂದಳು ಅವಳು.

ಅವನ ಮುಖ ಬಾಡಿತು.

"ಪೂರ್ತಿ ಕೇಳಿ. ಹೋಗಲೇಬೇಕು, ಅಲ್ಲಿ ಡಾಕ್ಟ್ರಿಲ್ಲ. ಆದ್ರೆ ವಾರಕ್ಕೊಂದ್ಸಲ ಈ ಗಾಡಿ ದೂರ ಓಡಬೇಕು, ಹೇಳಿದೀನಲ್ಲ? ಬೆಟ್ಟದಿಂದ ಇಲ್ಲಿಗೆ ಸರಿಯಾಗಿ ಅಷ್ಟೇ ದೂರ." ಅವಳು ಕೀಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು, ತನ್ನ ಕೈ ತೆಗೆಯಲಿಲ್ಲ. "ಬಂದ ತಕ್ಷಣ ಇಂಜಿನ್ ಬಿಸಿ ಇರತ್ತೆ, ಶಿಳ್ಳೆ ಇದೆಯೋ ಹೋಯ್ತೋ ನನಗೆ ಗೊತ್ತಾಗಲ್ಲ. ರಾತ್ರಿ ಇಲ್ಲೇ ನಿಂತು ತಣ್ಣಗಾಗ್ಬೇಕು. ಬೆಳಗ್ಗೆ ನಾನು ಕೇಳ್ಬೇಕು. ಆಮೇಲೇ ನೀವು ಹೊರಡೋದು. ಪ್ರತಿ ವಾರ."

"ಎಷ್ಟು ದಿನ ಹೀಗೆ?"

"ನನಗೆ ಸಮಾಧಾನ ಆಗೋವರೆಗೆ. ನಾನು ಅಷ್ಟು ಸುಲಭಕ್ಕೆ ಒಪ್ಪೋಳಲ್ಲ."

ಅವನು ತುಟಿ ದುಂಡಗೆ ಮಾಡಿ, ಸಣ್ಣಗೆ ಉದ್ದಕ್ಕೆ ಒಂದು ಶಿಳ್ಳೆ ಊದಿದ.

ಒಲೆಯ ಕಡೆಯಿಂದ ಕೆಮ್ಮು ಕೇಳಿಸಿತು.

"ಆ ಕಂಬಳಿ ಒಗೆದು ಇಟ್ಟಿದೀನಿ ಮಗಳೇ," ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. "ಈ ಸಲ ಗಾಡಿಗೆ ಹೊದಿಸಲ್ಲ. ಡಾಕ್ಟ್ರಿಗೆ ಕೊಡ್ತೀನಿ."