ಚಿಗರಿಕೋಟೆಯ ಮುಚ್ಚಿದ ತಟ್ಟೆ

ನಿಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ, ಬೆಟ್ಟಗಳಾಚೆ ಚಿಗರಿಕೋಟೆ ಅಂತ ಒಂದು ರಾಜ್ಯ. ಅದರ ಬೊಕ್ಕಸದಲ್ಲಿ ಒಂದು ಮಾಯದ ತಕ್ಕಡಿ ಇತ್ತು. ಎಡತಟ್ಟೆಯಲ್ಲಿ ರಾಜ್ಯದ ಖರ್ಚು, ಬಲತಟ್ಟೆಯಲ್ಲಿ ಪ್ರಜೆಗಳ ತೆರಿಗೆ. ಹುಣ್ಣಿಮೆಯ ಚಂದ್ರ ಮೂಡುವಾಗ ಎರಡೂ ಸರಿತೂಗಬೇಕು. ತೂಗದಿದ್ದರೆ ಬೊಕ್ಕಸ ಕಾಯುವವನು ನಿಂತಲ್ಲೇ ಕಲ್ಲಾಗುತ್ತಿದ್ದ. ಎಡತಟ್ಟೆಯ ಮೇಲೆ ಸದಾ ಒಂದು ರೇಷ್ಮೆ ಬಟ್ಟೆ. ಅರಸನ ಖರ್ಚಲ್ಲವೇ, ಇಣುಕಿ ನೋಡಿದರೆ ಮರ್ಯಾದೆಗೇಡು. ಬಟ್ಟೆ ಮುಟ್ಟಿದವನೂ ಕಲ್ಲೇ. ಹಾಗಾಗಿ ತಲೆತಲಾಂತರದಿಂದ ಬಲತಟ್ಟೆಗೆ ತುಂಬಿದ್ದೇ ತುಂಬಿದ್ದು, ಎಡತಟ್ಟೆಯಲ್ಲಿ ಏನಿದೆ ಅಂತ ಕೇಳಿದವನೊಬ್ಬನೂ ಇಲ್ಲ. ಎಂಥಾ ಜನವಪ್ಪಾ!

ಆಗ ಬೊಕ್ಕಸ ಕಾಯುತ್ತಿದ್ದವನು ಮಾಳಿಂಗ, ಒಬ್ಬ ತಬ್ಬಲಿ ತರುಣ. ಬೊಕ್ಕಸದವನಿಗೆ ಮನೆ ಇರಕೂಡದು, ಅವನು ಯಾರ ಮನೆಯಲ್ಲೂ ಉಣ್ಣಕೂಡದು ಎಂದು ಕಟ್ಟಳೆ. ಮನೆಯಿದ್ದವನು ಮನೆಗೆ ಕದ್ದೊಯ್ಯುತ್ತಾನಂತೆ! ಗೋಪುರದಲ್ಲಿ ಅವನೊಬ್ಬನೇ. ಗೋಡೆಗುಂಟ ಕಲ್ಲಾಗಿ ನಿಂತ ಹಿಂದಿನ ಬೊಕ್ಕಸದವರು. ಬೆಳಿಗ್ಗೆ ಎದ್ದು ಆ ಕಲ್ಲುಗಳಿಗೇ "ನಿದ್ದಿ ಬಂತಾ?" ಎಂದು ಕೇಳುತ್ತಿದ್ದ. ಕಲ್ಲು ಮಾತಾಡೀತೇ? ತನ್ನ ದನಿ ತನಗೇ ಮರೆತುಹೋದೀತು ಎಂಬ ಭಯಕ್ಕೆ ಕೇಳುತ್ತಿದ್ದ, ಅಷ್ಟೇ.

ಒಂದು ಸಲ ಎಡತಟ್ಟೆ ಧುಮ್ಮನೆ ಇಳಿಯಿತು. ಮಾಳಿಂಗ ಅರಸನ ಹತ್ತಿರ ಓಡಿದ. ಅರಸ ಒಳ್ಳೆಯವನೇ. "ತಕ್ಕಡಿ ಸರಿತೂಗಲಿ, ಆದರೆ ಪ್ರಜೆಗಳಿಗೆ ಭಾರವಾಗದಿರಲಿ" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಹೇಗೆ ಎಂದು ಕೇಳಿದರೆ ಮಂತ್ರಿ ಕಾಳಂಜನ ಮುಖ ನೋಡಿದ. ಕಾಳಂಜ ಮುದಿ ಮಂತ್ರವಾದಿ, ಎಷ್ಟು ಅರಸರನ್ನು ಕಂಡಿದ್ದನೋ.

"ಮನೆಮನೆಯಿಂದ ಒಲೆಯ ಕಾವು ತಾ," ಎಂದ ಕಾಳಂಜ. "ದುಡ್ಡು ಕೇಳಿದೆವೇ? ಬರೀ ಕಾವು."

ಮಾಳಿಂಗ ಜೋಳಿಗೆ ಹಿಡಿದು ಮನೆಮನೆಗೆ ಹೋದ. ಒಲೆಗಳ ಕಾವು ಜೋಳಿಗೆಗೆ ಬಂತು, ತಕ್ಕಡಿ ಸರಿತೂಗಿತು. ಊರು ಅರೆಬೆಂದ ಕೂಳು ಉಂಡಿತು.

ಮರುತಿಂಗಳು ಎಡತಟ್ಟೆ ಮತ್ತೆ ಇಳಿಯಿತು. "ದೀಪದ ಬೆಳಕು ತಾ," ಎಂದ ಕಾಳಂಜ. ಮಾಳಿಂಗ ತಂದ. ತಕ್ಕಡಿ ಸರಿತೂಗಿತು, ಊರು ಕತ್ತಲಲ್ಲಿ ತಡವರಿಸಿತು. ಈಗ ಅವನು ಬೀದಿಗೆ ಬಂದರೆ ಸಾಕು, ಬಾಗಿಲುಗಳು ದಡದಡ ಮುಚ್ಚಿಕೊಳ್ಳುತ್ತಿದ್ದವು. ಬಾಯಾರಿದರೆ ನೀರು ಕೊಡುವವರಿಲ್ಲ. ಅವನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೇ ಹೇಸಿಗೆಯಾಯಿತು.

ಮೂರನೆಯ ತಿಂಗಳೂ ಎಡತಟ್ಟೆ ಇಳಿಯಿತು. "ತೊಟ್ಟಿಲ ಜೋಗುಳ ತಾ," ಎಂದ ಕಾಳಂಜ.

ಬೀದಿಯ ಮೊದಲ ಮನೆ ಚಾಪೆ ಹೆಣೆಯುವ ನಿಂಬೆವ್ವನದು. ಅವಳೂ ಅವಳ ಕೂಸೂ ಇಬ್ಬರೇ. ಅವಳ ಬಾಗಿಲು ಮಾತ್ರ ತೆರೆದಿತ್ತು.

"ಜೋಗುಳ ಒಯ್ಯಾಕ ಬಂದೀನಿ ಅಕ್ಕಾ," ಎಂದ ಮಾಳಿಂಗ, ತಲೆ ತಗ್ಗಿಸಿ.

"ಒಯ್ಯುವಿಯಂತ, ಮೊದಲು ಒಳಗ ಬಾ. ಕಡ್ಡಿ ಆದಂಗ ಆಗೀಯಲ್ಲೋ ತಮ್ಮಾ! ಖಾಲಿ ಹೊಟ್ಯಾಗ ಯಾರಾದ್ರೂ ತೆರಿಗಿ ಎತ್ತತಾರೇನು?"

"ನಾ ಯಾರ ಮನ್ಯಾಗೂ ಉಣ್ಣಬಾರದಂತ ಕಟ್ಟಳೆ ಐತಿ."

"ಕಟ್ಟಳೆ ಮಾಡಿದಾಂವ ದಿನಾ ಉಣ್ಣತಾನೋ ಇಲ್ಲೋ? ಕುಂದರು!"

ಕೂತ. ಅರೆಬೆಂದ ಜೋಳದ ನುಚ್ಚು, ಮಜ್ಜಿಗೆ. ಅವನು ಉಣ್ಣುತ್ತಿರುವಾಗ ಕೂಸು ಅತ್ತಿತು, ನಿಂಬೆವ್ವ ತೊಟ್ಟಿಲು ತೂಗುತ್ತ ಹಾಡಿದಳು. ಮಾಳಿಂಗನಿಗೆ ಯಾರೂ ಯಾವತ್ತೂ ಹಾಡಿರಲಿಲ್ಲ. ಕಣ್ಣೀರು ತಟ್ಟೆಗೇ ಬಿತ್ತು. ಉಂಡು ಎದ್ದವನು ಖಾಲಿ ಜೋಳಿಗೆ ಮಡಚಿಟ್ಟುಕೊಂಡ.

"ಜೋಗುಳ ಮರತಿ ನೋಡು."

"ಬ್ಯಾಡಕ್ಕಾ. ಅದು ಕೂಸಿಗೇ ಇರಲಿ."

"ಹಂಗಾರ ನಾಳೆ ಊಟಕ್ಕ ಬಾ."

ಮಾಳಿಂಗ ಗೋಪುರಕ್ಕೆ ಮರಳಿದ. ಇನ್ನೇನು ಹುಣ್ಣಿಮೆಯ ಚಂದ್ರ ಮೂಡಬೇಕು. ಮೊದಲಾಗಿದ್ದರೆ ಕಲ್ಲಾದರೇನಂತೆ ಅನ್ನುತ್ತಿದ್ದ, ಅಳುವವರು ಯಾರಿದ್ದರು? ಈಗ ಒಬ್ಬಳು ನಾಳೆ ಬಾ ಎಂದಿದ್ದಾಳೆ. ಅಯ್ಯೋ, ಬದುಕಬೇಕು ಅನ್ನಿಸಿಬಿಟ್ಟಿತು! ಓಡಿಹೋಗಿ ಜೋಗುಳ ಕಿತ್ತು ತಂದರೆ ಬದುಕುತ್ತಾನೆ. ಕಾಲು ಬಾಗಿಲವರೆಗೆ ಹೋಯಿತು ಕೂಡ. ಕೂಸಿನ ನೆನಪಾಗಿ ಅಲ್ಲೇ ನಿಂತ, ಹಿಂತಿರುಗಿ ತಕ್ಕಡಿ ನೋಡಿದ. ಹೇಗೂ ಕಲ್ಲಾಗುವುದೇ, ಇಷ್ಟು ತಿನ್ನುವುದು ಯಾವುದೆಂದು ನೋಡಿಯೇ ಕಲ್ಲಾಗುತ್ತೇನೆ ಎಂದುಕೊಂಡು ರೇಷ್ಮೆ ಬಟ್ಟೆಯನ್ನು ಎಳೆದೇಬಿಟ್ಟ.

ತಟ್ಟೆಯ ತಳದಲ್ಲಿ ಕೆರೆ ಏರಿಯ ಕಲ್ಲು, ಕಾವಲುಗಾರರ ಕೂಳು, ಸಾಲುಮರಗಳ ನೀರು, ಇಷ್ಟೇ ಇಷ್ಟು. ಅದರ ಮೇಲೆ ಕೋಣದಷ್ಟು ದೊಡ್ಡ ಏಳು ಕೊಕ್ಕಿನ ಹಕ್ಕಿ ಕೂತಿತ್ತು! ಅಷ್ಟು ದೊಡ್ಡದು ಬಟ್ಟೆಯ ಕೆಳಗೆ ಹೇಗೆ ಅಡಗಿತ್ತೋ, ಮಾಯೆ ಅಂದರೆ ಅದೇ. ಅದರ ಕಾಲಿಗೆ ಒಂದು ಬಿಳಿ ಕೂದಲು ಕಟ್ಟಿತ್ತು.

"ಎಷ್ಟು ತಿಂತೀಯವ್ವಾ ನೀ!" ಎಂದ ಮಾಳಿಂಗ.

"ನಾನೆಲ್ಲಿ ಬೇಡಿದೆ?" ಎಂದಿತು ಹಕ್ಕಿ. "ಕಾಳಂಜ ತನ್ನ ಕೂದಲಿನಿಂದ ಕಟ್ಟಿ, ಮಂತ್ರದಿಂದಲೇ ಏಳೂ ಕೊಕ್ಕಿಗೆ ಕೂಳು ತುರುಕುತ್ತಾನೆ. ತಿಂಗಳಿಗೊಂದು ಮೊಟ್ಟೆ ಇಡುತ್ತೇನೆ, ಅದನ್ನು ಕುಡಿದೇ ಅವನು ಸಾಯದೆ ಉಳಿದಿದ್ದಾನೆ. ಬಿಡಿಸಪ್ಪಾ ನನ್ನನ್ನು."

ಅಷ್ಟರಲ್ಲಿ ಮಾಳಿಂಗನ ಪಾದ ಕಲ್ಲಾಯಿತು. ಸೊಂಟ ಕಲ್ಲಾಯಿತು. ಕೂದಲಿಗೆ ಚಾಚಿದ ಕೈಯೂ ಕಲ್ಲಾಯಿತು. ಉಳಿದದ್ದು ತಲೆಯೊಂದೇ. ಕತ್ತು ಚಾಚಿ ಹಲ್ಲಿನಿಂದ ಕೂದಲು ಕಚ್ಚಿದ. ಪಟ್ಟನೆ ಹರಿಯಿತು!

ಹಕ್ಕಿ ಕಿಟಕಿಯಿಂದ ಹಾರಿಹೋಯಿತು. ಎಡತಟ್ಟೆ ಮೇಲೆದ್ದಿತು, ಬಲತಟ್ಟೆ ಕುಸಿಯಿತು. ಅದರಲ್ಲಿ ಹೆಚ್ಚಾದದ್ದೆಲ್ಲ ತಾನಾಗಿ ಎದ್ದು ಹೊರಟಿತು. ಕಾವು ಒಲೆಗಳಿಗೆ ಹೋಯಿತು, ಬೆಳಕು ದೀಪಗಳಿಗೆ ಹೋಯಿತು. ಉಳಿದದ್ದು ಕೆರೆಗೂ ಕಾವಲಿಗೂ ಸಾಲುಮರಕ್ಕೂ ಸರಿಯಾಗಿ ತೂಗಿತು. ಅರಮನೆಯಲ್ಲಿ ಕಾಳಂಜ ಒಂದು ಹಿಡಿ ಬೂದಿಯಾದ, ಕಸ ಗುಡಿಸುವವಳು ಗುಡಿಸಿ ಹಾಕಿದಳು. ಮಾಳಿಂಗನ ಮೈ ಮೆತ್ತಗಾಯಿತು. ಗೋಡೆಗುಂಟ ನಿಂತವರೂ ಮೈಮುರಿದು ಎದ್ದರು.

ಬೆಳಗಾಗುತ್ತಲೇ ಅರಸ ಓಡಿಬಂದ. "ಏನು ಬೇಕು ಕೇಳು!"

"ಆ ತಟ್ಟಿಗೆ ಇನ್ನ ಮ್ಯಾಲ ಬಟ್ಟಿ ಬ್ಯಾಡ್ರಿ, ಮಾರಾಜ್ರ. ಬೊಕ್ಕಸದಾಂವಗೂ ಒಂದು ಮನಿ ಇರಲಿ."

ಅರಸ ಒಪ್ಪಿದ. ಎದ್ದು ನಿಂತ ಹಿಂದಿನವರಿಗೆ ಹೋಗಲು ಮನೆಯಿರಲಿಲ್ಲ. ಊರವರು ಬಂದು ಒಬ್ಬೊಬ್ಬರನ್ನೇ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದರು. ಸಂಜೆಯ ಹೊತ್ತಿಗೆ ಗೋಪುರ ಖಾಲಿ. ಮಾಳಿಂಗ ಬೀಗ ಹಿಡಿದು ಒಬ್ಬನೇ ನಿಂತ. ಆ ಅಕ್ಕ ಬಾಯಿಮಾತಿಗೆ ಬಾ ಅಂದಿರಬಹುದು, ನಿಜ ಅಂದುಕೊಂಡು ಹೋಗುವುದೇ? ನಾಚಿಕೆಗೆಟ್ಟವನು ಅಂದುಕೊಂಡಾಳು. ಹೀಗೇ ನಿಂತೇ ಇದ್ದ.

ಕೆಳಗಿನಿಂದ ಕೂಗು ಕೇಳಿತು. "ಏ ಮಾಳಿಂಗಾ! ಬಾಗಲಾ ಹಾಕಾಕ ಎಷ್ಟೊತ್ತೋ? ರೊಟ್ಟಿ ಆರಾಕ ಹತ್ಯಾವು, ನಿನ್ನ ಸಲುವಾಗಿ ನಾನೂ ಉಪಾಸ ಕುಂತೀನಿ!"

ಹುಟ್ಟಿದಾಗಿನಿಂದ ಅವನಿಗಾಗಿ ಕಾದು ಕೂತು ಬೈದವರೇ ಇರಲಿಲ್ಲ. ಮಾಳಿಂಗ ಮೆಟ್ಟಿಲ ಮೇಲೆ ಕೂತು ಗಳಗಳನೆ ಅತ್ತ. ಆಮೇಲೆ "ಬಂದೆ ಅಕ್ಕಾ!" ಎಂದು ಕೂಗಿ ಇಳಿದುಹೋದ.

ಚಿಗರಿಕೋಟೆಯವರು ಸುಖವಾಗಿ ಉಂಡು ಮಲಗಿದರು. ಕತೆ ಕೇಳಿದವರು ನೀವೂ ಏಳಿ, ಉಣ್ಣಿ. ಇನ್ನೂ ಬರದವರು ಯಾರಿದ್ದಾರೋ, ಅವರನ್ನು ಒಂದು ಸಲ ಕೂಗಿ.