ಹೊರಡುವ ಮೊದಲೇ ಬಂದ ಬಸ್ಸು

ನಂಬದವರು ನಂಬದಿರಲಿ, ಇದು ನನ್ನ ಕಣ್ಣೆದುರು ನಡೆದದ್ದು. ೧೯೭೪ರಲ್ಲಿ ನಾನು ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಸ್ಸು ಬಂದ ವೇಳೆಯಿಂದ ಹೊರಟ ವೇಳೆ ಕಳೆದು, ಪ್ರಯಾಣಕ್ಕೆ ಎಷ್ಟು ತಾಸು ಹಿಡಿಯಿತೆಂದು ಬರೆಯುವುದು ನನ್ನ ಕೆಲಸ.

ಅಂದು ಮಧ್ಯಾಹ್ನ ಒಂದಕ್ಕೆ ನಾರಾಯಣಖೇಡದ ಬಸ್ಸಿನಿಂದ ನನ್ನ ಅಕ್ಕ ಸುಗಲಾಬಾಯಿ ಇಳಿದಳು. ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಎರಡು ತಾಸಿನ ದಾರಿ. ಆದರೂ ರೊಟ್ಟಿ ಈಗಷ್ಟೇ ಹಂಚಿನಿಂದ ತೆಗೆದಂತೆ ಸುಡುತ್ತಿತ್ತು.

ಹೊರಟ ವೇಳೆ ಕೇಳಲು ನಾರಾಯಣಖೇಡಕ್ಕೆ ಫೋನ್ ಮಾಡಿದೆ. ಅಲ್ಲಿನ ಕಂಟ್ರೋಲರ್ ಬಂಡೆಪ್ಪ, "ಬಸ್ ಇನ್ನಾ ಬಿಟ್ಟಿಲ್ರಿ, ಮೂರಕ್ಕ ಬಿಡ್ತದ. ನಿಮ್ಮ ಅಕ್ಕಾರು ಇಲ್ಲೇ ಕುಂತಾರ, ಮಾತಾಡ್ರಿ" ಅಂದ.

"ತಮ್ಮಾ, ಬಸ್ ತಡ ಆಗ್ಯಾದ. ರೊಟ್ಟಿ ಆರಿ ಹೋಗ್ತಾವ ನೋಡು." ಫೋನಿನಲ್ಲಿ ಅಕ್ಕನದೇ ದನಿ.

ಎದುರಿಗಿದ್ದವಳ ತುಟಿ ಅಲುಗಿರಲಿಲ್ಲ. ಫೋನ್ ಇಟ್ಟೆ. ಹೊರಗೆ ಓಡಿ ಬಸ್ಸಿನ ಬಾನೆಟ್ ಮುಟ್ಟಿದೆ. ಆ ಬಿಸಿಲಲ್ಲೂ ಅದು ತಣ್ಣಗಿತ್ತು.

ಬಂಡೆಪ್ಪ ಅಕ್ಕನನ್ನು ಹತ್ತಿಸಿ ಮೂರಕ್ಕೆ ಬಿಟ್ಟ ಬಸ್ಸು ಮತ್ತೆ ಬರಲೇ ಇಲ್ಲ. ಅದು ಆಗಲೇ ನಮ್ಮಲ್ಲಿ ನಿಂತಿತ್ತು. ಒಂದರಿಂದ ಮೂರು ಕಳೆದು, ಕೆಂಪು ಶಾಯಿಯಲ್ಲಿ ಮೈನಸ್ ಎರಡು ತಾಸು ಎಂದು ಬರೆದೆ.

ಅಕ್ಕ ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಅವಳು ರಾತ್ರಿ ಬಡಿದಿಟ್ಟ ರೊಟ್ಟಿ ಬೆಳಿಗ್ಗೆಯೂ ಕೈ ಸುಡುತ್ತದೆ.